ಹೋಲ್ಡಾನ್ ಅನ್ನುವವರು ಯಾರು? ಬೆಂಗಳೂರಿನ ರಸ್ತೆ ನೋಡಿಕೊಳ್ಳುವವರಿಗೆ ಬಸ್ ಡ್ರೈವರ್ ಒಬ್ಬನ ಬಹಿರಂಗ ಪತ್ರ

ಇವರಿಗೆ,
ಬೆಂಗಳೂರಿನ ಸಂಚಾರ, ಸಾರಿಗೆ, ರಸ್ತೆ ಕಾಮಗಾರಿ ಈ ಮೂರರಲ್ಲಿ ಯಾವುದಾದರೂ ಒಂದರ ಹೊಣೆ ಹೊತ್ತಿರುವ ಎಲ್ಲ ಹಿರಿಯ ಅಧಿಕಾರಿಗಳಿಗೆ

ವಿಷಯ: ರಸ್ತೆಗೆ ಹಾಕಿರುವ ಯಂತ್ರಗಳು ಅಪಘಾತ ಆಗುವ ಮೊದಲೇ ಕೆಲಸ ಮಾಡಬೇಕೆಂಬ ಬಗ್ಗೆ

ಮಾನ್ಯರೇ,

ನಾನು ಈ ಊರಿನಲ್ಲಿ 29 ವರ್ಷ ಸಿಟಿ ಬಸ್ ಓಡಿಸಿದವನು. ಮೆಜೆಸ್ಟಿಕ್‌ನಿಂದ ಕೆಂಗೇರಿ, ಮಾರ್ಕೆಟ್ಟಿನಿಂದ ಎಲೆಕ್ಟ್ರಾನಿಕ್ ಸಿಟಿ, ಕೊನೆಯ ಕೆಲವು ವರ್ಷ ರಿಂಗ್ ರೋಡ್. ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ, ಹೆಬ್ಬಾಳ, ಗೊರಗುಂಟೆಪಾಳ್ಯ ಎಲ್ಲ ಕಡೆ ಕ್ಲಚ್ ತುಳಿದು ತುಳಿದು ಎಡಗಾಲಿನ ಮಂಡಿ ಸವೆಸಿಕೊಂಡು ರಿಟೈರ್ ಆದವನು. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ರಸ್ತೆಯ ಬಗ್ಗೆ ಮಾತಾಡೋಕೆ ನನಗೆ ಒಂದಿಷ್ಟು ಹಕ್ಕಿದೆ ಅಂದುಕೊಂಡಿದ್ದೇನೆ.

ಬೆಂಗಳೂರಿನಲ್ಲಿ ಬಸ್ ಹತ್ತಿದವರಿಗೆಲ್ಲ ಎರಡು ಪದ ಗೊತ್ತಿರುತ್ತವೆ. ರೈಟ್ ಅಂದರೆ ಹೊರಡು. ಹೋಲ್ಡಾನ್ ಅಂದರೆ ನಿಲ್ಲಿಸು. ಡ್ರೈವರ್ ಸೀಟಿನಲ್ಲಿ ಕೂತವನಿಗೆ ಎಡಗಡೆ ಬಾಗಿಲಿನ ಕೆಳಗೆ ಏನಿದೆ ಅಂತ ಕಾಣುವುದಿಲ್ಲ. ಹಿಂದಿನ ಚಕ್ರದ ಪಕ್ಕ ಸ್ಕೂಟರ್ ನುಗ್ಗಿದರೂ ಕಾಣುವುದಿಲ್ಲ. ಕನ್ನಡಿ ಎಷ್ಟೇ ದೊಡ್ಡದಿರಲಿ, ಒಂದು ಮಗು ಪೂರ್ತಿ ಮರೆಯಾಗುವಷ್ಟು ಜಾಗ ಉಳಿದೇ ಉಳಿಯುತ್ತೆ. ಆ ಜಾಗಕ್ಕೆ ನಮ್ಮ ಕಣ್ಣಾಗಿದ್ದವನು ಕಂಡಕ್ಟರ್. ಅವನು ಬಸ್ಸಿನ ತಗಡಿಗೆ ಅಂಗೈಯಲ್ಲಿ ಎರಡು ಏಟು ಹೊಡೆದು ‘ಹೋಲ್ಡಾನ್ ಹೋಲ್ಡಾನ್’ ಅಂದರೆ, ಯಾಕೆ ಅಂತ ಕೇಳದೆ ಬ್ರೇಕ್ ತುಳಿಯುತ್ತಿದ್ದೆವು. ಆಮೇಲೆ ನೋಡಿದರೆ ಯಾವುದೋ ಅಜ್ಜಿಯ ಸೆರಗು ಬಾಗಿಲಿಗೆ ಸಿಕ್ಕಿರುತ್ತಿತ್ತು. ಈಗ ನೀವೆಲ್ಲ ಹೇಳುವ ಸೆನ್ಸರ್ ಅನ್ನೋದು ನಮ್ಮ ಕಾಲದಲ್ಲಿ ಖಾಕಿ ಅಂಗಿ ಹಾಕಿಕೊಂಡು, ಕಂಕುಳಲ್ಲಿ ಟಿಕೆಟ್ ಬ್ಯಾಗ್ ಇಟ್ಟುಕೊಂಡು ನಿಂತಿರುತ್ತಿತ್ತು.

ಅಂಥ ಒಬ್ಬ ಕಂಡಕ್ಟರ್ ನನ್ನ ಜೊತೆ ಹನ್ನೊಂದು ವರ್ಷ ಡ್ಯೂಟಿ ಮಾಡಿದರು. ಈಗ ನಮ್ಮ ಪಕ್ಕದ ಬೀದಿಯಲ್ಲೇ ಇದ್ದಾರೆ. ಕಳೆದ ವರ್ಷ ಚಳಿಗಾಲದಲ್ಲಿ ಒಂದು ದಿನ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇದ್ದಾಗ ಹಾಲು ತರೋಕೆ ರಸ್ತೆ ದಾಟುತ್ತಿದ್ದರು. ಅಲ್ಲಿ ಪೆಲಿಕನ್ ಸಿಗ್ನಲ್ ಇದೆ. ಗುಂಡಿ ಒತ್ತಿದರೆ ಹಸಿರು ಮನುಷ್ಯ ಬರಬೇಕು. ಆ ಗುಂಡಿ ಕೆಟ್ಟು ಆಗಲೇ ಏಳು ತಿಂಗಳಾಗಿತ್ತು. ಮೇಲಿನ ಬೀದಿದೀಪವೂ ಉರಿಯುತ್ತಿರಲಿಲ್ಲ. ಖಾಲಿ ರಸ್ತೆ ಸಿಕ್ಕ ಖುಷಿಯಲ್ಲಿ ಬಂದ ಕಾರು ಅವರನ್ನು ಬೀಳಿಸಿ ಹೊರಟೇ ಹೋಯಿತು. ಸೊಂಟದ ಮೂಳೆ ಮುರಿಯಿತು. ರಾಡ್ ಹಾಕಿದ್ದಾರೆ. ಈಗ ವಾಕರ್ ಹಿಡಿದು ಗೇಟಿನ ತನಕ ಬರುತ್ತಾರೆ, ಅಷ್ಟೇ. ಅವತ್ತು ಅವರನ್ನು ಎತ್ತಿ ಆಟೊಗೆ ಹಾಕಿದ್ದು ಒಬ್ಬ ಡೆಲಿವರಿ ಹುಡುಗ. ತನ್ನ ಆರ್ಡರ್ ಲೇಟಾಗುತ್ತೆ ಅಂತ ಗೊತ್ತಿದ್ದೂ ಆಸ್ಪತ್ರೆ ತನಕ ಬಂದ. ಸಹಾಯ ಮಾಡಿದವರಿಗೆ ಕಾಟ ಕೊಡಬಾರದು ಅಂತ ನಮ್ಮ ರಾಜ್ಯ 2016ರಲ್ಲೇ ಕಾನೂನು ಮಾಡಿದೆ. ಆ ಹುಡುಗನಿಗೆ ಅದು ಗೊತ್ತಿರಲಿಲ್ಲ. ಆದರೂ ಬಂದ.

ಆ ಜಾಗದಿಂದ ಇನ್ನೂರು ಹೆಜ್ಜೆ ಮುಂದೆ ಕಂಬದ ಮೇಲೆ ಕ್ಯಾಮೆರಾ ಇದೆ. ಕಾರಿನ ನಂಬರ್ ಸಿಗಬಹುದಾ ಅಂತ ನಾವು ವಿಚಾರಿಸಿದೆವು. ಅದು ಸಿಗ್ನಲ್ ಹಾರಿಸುವವರನ್ನು ಹಿಡಿಯೋಕೆ ಇಟ್ಟಿರೋದು, ಈ ಕಡೆಗೆ ತಿರುಗಿಲ್ಲ ಅಂದರು. ಸರಿ, ಒಪ್ಪಿಕೊಂಡೆವು. ಅದೇ ವಾರ ನನ್ನ ಮಗನಿಗೆ ಮೊಬೈಲಿನಲ್ಲಿ ದಂಡದ ನೋಟಿಸ್ ಬಂತು. ಸ್ಕೂಟರಿನ ಮುಂದಿನ ಚಕ್ರ ಬಿಳಿ ಗೆರೆ ದಾಟಿ ನಿಂತಿತ್ತಂತೆ. ಫೋಟೊ ಎಷ್ಟು ಚೆನ್ನಾಗಿತ್ತೆಂದರೆ ಅವನ ಅಂಗಿಯ ಗುಂಡಿ ಎಣಿಸಬಹುದಿತ್ತು. ತಪ್ಪು ಅವನದೇ, ದಂಡ ಕಟ್ಟಿಸಿದೆ. ಆದರೆ ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿದೆ. ಈ ಊರಿನ ಯಂತ್ರಗಳಿಗೆ ಬಿಲ್ ಹರಿಯೋದು ಬರುತ್ತೆ. ಹೋಲ್ಡಾನ್ ಅನ್ನೋದು ಬರೋದಿಲ್ಲ.

ನೀವು ಏನೂ ಮಾಡಿಲ್ಲ ಅಂತ ನಾನು ಹೇಳುತ್ತಿಲ್ಲ. 2022ರ ಡಿಸೆಂಬರ್‌ನಲ್ಲಿ ನಗರದ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಕೆಂಪು ದೀಪ ಹಾರಿಸುವವರನ್ನು ಹಿಡಿಯುವ 80 ಕ್ಯಾಮೆರಾ ಬಂದವು. ಅಲ್ಲಿ ಈಗ ಪೊಲೀಸಪ್ಪ ಇಲ್ಲದಿದ್ದರೂ ಜನ ಹೆಲ್ಮೆಟ್ ತಲೆಗೆ ಹಾಕುತ್ತಾರೆ, ಕೈಗೆ ನೇತುಹಾಕಿಕೊಳ್ಳುವುದಿಲ್ಲ. ನಾನೇ ನೋಡಿದ್ದೇನೆ. ರಸ್ತೆಯಲ್ಲಿ ಎಷ್ಟು ಗಾಡಿ ಇವೆ ಅಂತ ನೋಡಿಕೊಂಡು ತಾನೇ ಹಸಿರು ದೀಪದ ಸಮಯ ಬದಲಿಸುವ ಸಿಗ್ನಲ್ಲುಗಳೂ ಬಂದಿವೆ. ಸಿ-ಡ್ಯಾಕ್ ಅನ್ನುವ ನಮ್ಮದೇ ಸರ್ಕಾರಿ ಸಂಸ್ಥೆ ಮಾಡಿದ ತಂತ್ರಾಂಶ, 165 ಜಂಕ್ಷನ್‌ಗಳಿಗೆ ಹಾಕುವ ಯೋಜನೆ. ಮೊದಲೆಲ್ಲ ಅಡ್ಡರಸ್ತೆಯಲ್ಲಿ ಒಂದು ನಾಯಿಯೂ ಇಲ್ಲದಿದ್ದರೂ ನಾವು ಅರವತ್ತು ಸೆಕೆಂಡು ಸುಮ್ನೆ ಕಾಯುತ್ತಿದ್ದೆವು. ಅದು ಎಷ್ಟೋ ಕಡಿಮೆಯಾಗಿದೆ. ಒಳ್ಳೆಯ ಕೆಲಸ.

ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯದ್ದೂ ನೆನಪಿಸಿಕೊಳ್ಳಿ. 2023ರಲ್ಲಿ ಅದು ಪೂರ್ತಿ ತೆರೆದಾಗ ದಿನಾ ಪೇಪರಿನಲ್ಲಿ ಸಾವಿನ ಸುದ್ದಿ. ಆ ವರ್ಷ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಗೆ ಬಿಡಲಿಲ್ಲ. ವೇಗ ಹಿಡಿಯುವ ಕ್ಯಾಮೆರಾಗಳೂ ಬಂದವು. ಸಾವು ತುಂಬಾ ಇಳಿಯಿತು. ಯಂತ್ರವನ್ನು ಸರಿಯಾದ ಕೆಲಸಕ್ಕೆ ಹಚ್ಚಿದರೆ ಜೀವ ಉಳಿಯುತ್ತೆ ಅಂತ ನಮ್ಮ ರಾಜ್ಯದಲ್ಲೇ ಗೊತ್ತಾಗಿದೆ. ಹಾಗಿದ್ದ ಮೇಲೆ ಊರೊಳಗೆ ಯಾಕೆ ಆಗಬಾರದು?

ಊರೊಳಗೆ ಸಾಯುವವರು ಯಾರು ಅಂತ ಸ್ವಲ್ಪ ನೋಡಿ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಕೇಂದ್ರ ಸರ್ಕಾರದ ಲೆಕ್ಕ ಇದು. ಅದರಲ್ಲಿ ನೂರಕ್ಕೆ 44 ಜನ ಬೈಕು, ಸ್ಕೂಟರಿನವರು. ಇನ್ನು 19 ಜನ ನಡೆದು ಹೋಗುವವರು. ಅಂದರೆ ಮೂರರಲ್ಲಿ ಸುಮಾರು ಎರಡು ಭಾಗ ಜನ ಮೈ ಸುತ್ತ ತಗಡೇ ಇಲ್ಲದವರು. ಕಾರಿಗೆ ಆರು ಏರ್‌ಬ್ಯಾಗ್ ಬಂದರೆ ಒಳಗೆ ಕೂತವರಿಗೆ ಒಳ್ಳೆಯದೇ. ಹೊರಗೆ ನಿಂತವನಿಗೆ ಏನು ಬಂತು? ಬೆಂಗಳೂರು ನಗರದಲ್ಲೇ ಈಚಿನ ವರ್ಷಗಳಲ್ಲಿ ಒಂಬೈನೂರರ ಆಸುಪಾಸು ಜನ ಪ್ರತಿ ವರ್ಷ ರಸ್ತೆಯಲ್ಲಿ ಪ್ರಾಣ ಬಿಡುತ್ತಿದ್ದಾರೆ. ಹದಿನೆಂಟು ಬಸ್ಸು ತುಂಬುವಷ್ಟು ಜನ. ನಾನು ಬಸ್ಸಿನ ಲೆಕ್ಕದಲ್ಲೇ ಯೋಚಿಸೋದು, ಬೇಜಾರಾಗಬೇಡಿ.

ಮೊದಲು ದಾಟುವವರ ಮಾತು. ನಿಮ್ಮ ಹೊಸ ಸಿಗ್ನಲ್ ಗಾಡಿಗಳನ್ನು ಎಣಿಸುತ್ತೆ. ಮನುಷ್ಯರನ್ನು ಎಣಿಸುತ್ತಾ? ನಮ್ಮ ಕ್ರಾಸಿಂಗ್‌ನಲ್ಲಿ ನಾನು ಗಡಿಯಾರ ಹಿಡಿದು ನಿಂತು ನೋಡಿದ್ದೇನೆ. ರಸ್ತೆ ಅಗಲ ಸುಮಾರು 24 ಮೀಟರ್. ಕೆಟ್ಟುಹೋಗುವ ಮೊದಲು ಹಸಿರು ಮನುಷ್ಯ ಇರುತ್ತಿದ್ದದ್ದು 15 ಸೆಕೆಂಡು. ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂತ ಎಂಜಿನಿಯರುಗಳು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರಂತೆ. ಆ ಲೆಕ್ಕಕ್ಕೇ 20 ಸೆಕೆಂಡು ಬೇಕು. ನಮ್ಮಂಥ ಮಂಡಿನೋವಿನವರು ಸೆಕೆಂಡಿಗೆ 0.8 ಮೀಟರ್ ನಡೆದರೆ ಹೆಚ್ಚು. ನಮಗೆ 30 ಸೆಕೆಂಡು ಬೇಕು. ಅರ್ಧ ರಸ್ತೆಗೆ ಬರುವಾಗಲೇ ದೀಪ ಹೋಗುತ್ತೆ, ಹಾರ್ನ್ ಶುರುವಾಗುತ್ತೆ. ಡಿವೈಡರ್ ಮೇಲೆ ಕೊಕ್ಕರೆ ಥರ ನಿಲ್ಲಬೇಕು.

ಸಿಂಗಪುರದಲ್ಲಿ ಇದಕ್ಕೆ 2009ರಲ್ಲೇ ಉಪಾಯ ಮಾಡಿದ್ದಾರೆ. ವಯಸ್ಸಾದವರು ತಮ್ಮ ಕಾರ್ಡನ್ನು ಸಿಗ್ನಲ್ ಕಂಬಕ್ಕೆ ಮುಟ್ಟಿಸಿದರೆ, ರಸ್ತೆಯ ಅಗಲ ನೋಡಿಕೊಂಡು 3ರಿಂದ 13 ಸೆಕೆಂಡು ಜಾಸ್ತಿ ಸಮಯ ಸಿಗುತ್ತೆ. ಬ್ರಿಟನ್ನಿನಲ್ಲಿ ಇನ್ನೊಂದು ಥರದ ಸಿಗ್ನಲ್ ಇದೆ. ಜನ ಇನ್ನೂ ದಾಟುತ್ತಿದ್ದಾರಾ ಅಂತ ಸೆನ್ಸರ್ ನೋಡುತ್ತಿರುತ್ತೆ. ದಾಟಿ ಮುಗಿಯುವ ತನಕ ಗಾಡಿಗಳಿಗೆ ಹಸಿರು ಕೊಡೋದಿಲ್ಲ. ನನ್ನ ಜೇಬಿನಲ್ಲಿ ಮೆಟ್ರೊ ಕಾರ್ಡ್ ಇದೆ. ಮುಟ್ಟಿಸಿದರೆ ಸ್ಟೇಷನ್ನಿನ ಗೇಟ್ ತೆರೆದುಕೊಳ್ಳುತ್ತೆ, ದುಡ್ಡೂ ಕಟ್ ಆಗುತ್ತೆ. ಅದೇ ಥರ ಒಂದು ಕಾರ್ಡು ರಸ್ತೆಯನ್ನೂ ತೆರೆಯಬಾರದಾ? ಆ ತಂತ್ರಜ್ಞಾನ ಚಂದ್ರನ ಮೇಲಿಲ್ಲ, ವಿಜಯನಗರ ಮೆಟ್ರೊ ಸ್ಟೇಷನ್ನಿನಲ್ಲೇ ಇದೆ.

ಅದಕ್ಕೂ ಮೊದಲು ಸಿಗ್ನಲ್ಲಿನ ಕೆಟ್ಟಿರುವ ಗುಂಡಿ ರಿಪೇರಿ ಮಾಡಿಸಿ. ಒಂದು ದೀಪ ಕೆಟ್ಟರೆ ತಾನೇ ಕಂಟ್ರೋಲ್ ರೂಮಿಗೆ ತಿಳಿಸುವ ವ್ಯವಸ್ಥೆ ಈಗಿನ ಕಾಲದಲ್ಲಿ ದೊಡ್ಡ ವಿಷಯವೇನಲ್ಲ. ನಾನು ಆ ಗುಂಡಿಗಾಗಿ ಮೂರು ಕಚೇರಿ ತಿರುಗಿದೆ. ಒಬ್ಬರು ದೀಪ ನಮ್ಮದು, ಕರೆಂಟು ಅವರದು ಅಂದರು. ಇನ್ನೊಬ್ಬರು ಕಂಬ ನಮ್ಮದು, ಗುತ್ತಿಗೆ ಮುಗಿದಿದೆ ಅಂದರು. ಮೂರನೆಯವರು ಅರ್ಜಿ ತಗೊಂಡು ಸೀಲು ಒತ್ತಿದರು. ಆ ಸೀಲು ಇನ್ನೂ ನನ್ನ ಹತ್ತಿರ ಭದ್ರವಾಗಿದೆ. 2025ರ ಸೆಪ್ಟೆಂಬರ್‌ನಿಂದ ಊರಿಗೆ ಐದು ಪಾಲಿಕೆಗಳಾಗಿವೆ. ಇನ್ನು ಅರ್ಜಿ ಎಷ್ಟು ಕಡೆ ತಿರುಗಬೇಕೋ ಅಂತ ನನಗೆ ದಿಗಿಲು. ಈ ಪತ್ರಕ್ಕೆ ಒಬ್ಬರ ಹೆಸರು ಬರೆಯದೆ ಎಲ್ಲರಿಗೂ ಬರೆದಿರುವುದು ಅದಕ್ಕೇ.

ಈಗ ವೇಗದ ಮಾತು. 2022ರ ಅದೇ ಲೆಕ್ಕದಲ್ಲಿ ನೂರಕ್ಕೆ 71 ಸಾವಿಗೆ ಅತಿವೇಗವೇ ಕಾರಣ. ಗಂಟೆಗೆ 60 ಕಿಲೋಮೀಟರ್ ಹೋಗುವ ಗಾಡಿ ಒಂದು ಸೆಕೆಂಡಿನಲ್ಲಿ 16 ಮೀಟರ್‌ಗಿಂತ ಜಾಸ್ತಿ ಹೋಗಿರುತ್ತೆ. ಮೊಬೈಲ್ ಕಡೆ ಒಂದು ಸಲ ಕಣ್ಣು ಹಾಯಿಸಿ ತಲೆ ಎತ್ತುವಷ್ಟರಲ್ಲಿ ಒಂದೂವರೆ ಬಸ್ಸಿನ ಉದ್ದ ಕಳೆದಿರುತ್ತೆ. ವೇಗ ಎರಡು ಪಟ್ಟಾದರೆ ಹೊಡೆತದ ಬಲ ನಾಲ್ಕು ಪಟ್ಟಾಗುತ್ತೆ. ಡ್ರೈವರಿಗೆ ಈ ಗಣಿತ ಪಾದದಲ್ಲೇ ಗೊತ್ತಿರುತ್ತೆ. ನಮ್ಮ ನಗರದ ವಿಚಿತ್ರ ಏನೆಂದರೆ, ಹಗಲು ಆಮೆ, ರಾತ್ರಿ ಮೊಲ. ಹಗಲು ಯಾರೂ ಓಡಿಸೋಕೆ ಆಗೋದಿಲ್ಲ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಆರರ ತನಕ ಫ್ಲೈಓವರ್ ಮೇಲೆ, ರಿಂಗ್ ರೋಡಿನಲ್ಲಿ, ಏರ್‌ಪೋರ್ಟ್ ರಸ್ತೆಯಲ್ಲಿ ಬಾಣ ಬಿಟ್ಟ ಹಾಗೆ ಹೋಗುತ್ತವೆ. ಒಂದೇ ಕಡೆ ಕ್ಯಾಮೆರಾ ಇಟ್ಟರೆ ಅಲ್ಲಿ ಬ್ರೇಕ್ ಹಾಕಿ ಮುಂದೆ ಮತ್ತೆ ತುಳಿಯುತ್ತಾರೆ. ಈ ಆಟ ನನಗೆ ಗೊತ್ತು. ಎರಡು ಕಡೆ ಕ್ಯಾಮೆರಾ ಇಟ್ಟು, ನಡುವಿನ ದೂರ ದಾಟೋಕೆ ಎಷ್ಟು ಹೊತ್ತು ಹಿಡಿಯಿತು ಅಂತ ನೋಡುವ ಪದ್ಧತಿ ಬೇಕು. ಆಗ ಆಟ ನಡೆಯೋದಿಲ್ಲ.

ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 2024ರ ಜುಲೈನಿಂದ ಮಾರುವ ಪ್ರತಿ ಹೊಸ ಕಾರಿನಲ್ಲೂ ಆ ರಸ್ತೆಯ ವೇಗಮಿತಿ ಓದಿಕೊಂಡು ಚಾಲಕನನ್ನು ಎಚ್ಚರಿಸುವ ಯಂತ್ರ ಕಡ್ಡಾಯ. ಅದು ಸ್ಟೇರಿಂಗ್ ಕಿತ್ತುಕೊಳ್ಳುವುದಿಲ್ಲ, ಕಂಡಕ್ಟರ್ ಥರ ನೆನಪಿಸುತ್ತೆ ಅಷ್ಟೇ. ಕಾರು ಕಂಪನಿಗಳಿಗೆ ಹೇಳುವುದು ದೆಹಲಿಯ ಕೆಲಸ ಅಂತ ನೀವು ಹೇಳಬಹುದು. ಒಪ್ಪಿದೆ. ಆದರೆ ನಿಮ್ಮ ಗುತ್ತಿಗೆಯಲ್ಲಿ ಓಡುವ ಕಸದ ಲಾರಿ, ನೀರಿನ ಟ್ಯಾಂಕರ್, ಬಾಡಿಗೆ ಬಸ್ಸುಗಳಿಗೆ ಷರತ್ತು ಹಾಕೋದು ನಿಮ್ಮ ಕೈಯಲ್ಲೇ ಇದೆ ಅಲ್ವಾ? ಟೆಂಡರ್‌ನಲ್ಲಿ ಒಂದು ಸಾಲು ಸೇರಿಸಿ: ಎಡಬದಿಯ ಮರೆ ಜಾಗ ತೋರಿಸುವ ಕ್ಯಾಮೆರಾ, ಹತ್ತಿರ ಮನುಷ್ಯ ಬಂದರೆ ಕೂಗುವ ಸೆನ್ಸರ್ ಇಲ್ಲದ ಗಾಡಿಗೆ ಬಿಲ್ ಪಾಸಾಗುವುದಿಲ್ಲ ಅಂತ. ಲಂಡನ್ನಿನಲ್ಲಿ 2021ರಿಂದ ದೊಡ್ಡ ಲಾರಿಗಳಿಗೆ, ಚಾಲಕನಿಗೆ ಹೊರಗಡೆ ಎಷ್ಟು ಕಾಣುತ್ತೆ ಅನ್ನುವುದರ ಮೇಲೆ ನಕ್ಷತ್ರ ಕೊಟ್ಟು, ಕಡಿಮೆ ಇದ್ದವು ಇಂಥ ಉಪಕರಣ ಹಾಕಿಕೊಂಡರೆ ಮಾತ್ರ ಊರೊಳಗೆ ಬಿಡುತ್ತಿದ್ದಾರೆ.

ನನಗೆ ತುಂಬಾ ಇಷ್ಟವಾದದ್ದು ನಾಗಪುರದ್ದು. 2021ರಲ್ಲಿ ಅಲ್ಲಿ ಐರಾಸ್ತೆ ಅನ್ನುವ ಯೋಜನೆ ಶುರುವಾಯಿತು. ಸಿಟಿ ಬಸ್ಸುಗಳ ಮುಂದಿನ ಗಾಜಿಗೆ ಕ್ಯಾಮೆರಾ ಹಾಕಿದರು. ಮುಂದಿನ ಗಾಡಿಗೆ ಅಥವಾ ಮನುಷ್ಯನಿಗೆ ತೀರಾ ಹತ್ತಿರ ಹೋದರೆ ಡ್ರೈವರನ್ನು ಎಚ್ಚರಿಸುತ್ತೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಎಲ್ಲಿ ಪದೇ ಪದೇ ಎಚ್ಚರಿಕೆ ಬರುತ್ತೋ ಆ ಜಾಗಗಳ ಪಟ್ಟಿ ಮಾಡುತ್ತಾರೆ. ಅದಕ್ಕೆ ಗ್ರೇ ಸ್ಪಾಟ್ ಅಂತ ಹೆಸರು. ಬ್ಲ್ಯಾಕ್ ಸ್ಪಾಟ್ ಅಂದರೆ ಈಗಾಗಲೇ ಜನ ಸತ್ತ ಜಾಗ. ಗ್ರೇ ಸ್ಪಾಟ್ ಅಂದರೆ ಮುಂದೆ ಸಾಯಬಹುದಾದ ಜಾಗ.

ಇದನ್ನು ಕೇಳಿದಾಗ ನನಗೆ ನಗು ಬಂತು. ನಮ್ಮ ಡಿಪೋದ ಟೀ ಅಂಗಡಿಯಲ್ಲಿ ಆ ಪಟ್ಟಿ ದಿನಾ ತಯಾರಾಗುತ್ತಿತ್ತು! ‘ಆ ಸ್ಕೂಲ್ ತಿರುವಿನಲ್ಲಿ ಇವತ್ತು ಹುಡುಗ ಸ್ವಲ್ಪದರಲ್ಲಿ ಉಳಿದ ಕಣಪ್ಪ, ಹುಷಾರು’ ಅಂತ ಬೆಳಗಿನ ಪಾಳಿಯವರು ಮಧ್ಯಾಹ್ನದವರಿಗೆ ಹೇಳಿಯೇ ಗಾಡಿ ಕೊಡುತ್ತಿದ್ದರು. 29 ವರ್ಷದಲ್ಲಿ ಒಬ್ಬ ಎಂಜಿನಿಯರೂ ಬಂದು ಆ ಪಟ್ಟಿ ಕೇಳಲಿಲ್ಲ. ಸಾವಿರಾರು ಬಸ್ಸುಗಳು ದಿನಾ ಈ ಊರಿನ ಪ್ರತಿ ರಸ್ತೆ ಸುತ್ತುತ್ತವೆ. ಅದಕ್ಕಿಂತ ದೊಡ್ಡ ಪರೀಕ್ಷಾ ತಂಡ ಇನ್ನೆಲ್ಲಿ ಸಿಗುತ್ತೆ?

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಬಸ್ಸಿಗೆ ಇಂಥ ಯಂತ್ರ ಹಾಕಿದ ತಕ್ಷಣ ಅದರ ವರದಿ ಹಿಡಿದು ಡ್ರೈವರಿಗೆ ಮೆಮೊ ಕೊಡೋಕೆ ಶುರು ಮಾಡಬೇಡಿ. ಹಾಗೆ ಮಾಡಿದರೆ ಒಂದೇ ವಾರದಲ್ಲಿ ಕ್ಯಾಮೆರಾ ಮೇಲೆ ಟವೆಲ್ ಬೀಳುತ್ತೆ. ನಾನಾಗಿದ್ದರೂ ಹಾಕುತ್ತಿದ್ದೆ. ಡ್ರೈವರ್ ಆಕಳಿಸಿದ ಅಂತ ಯಂತ್ರ ಹೇಳಿದರೆ, ಅವನ ಹಿಂದಿನ ದಿನದ ಪಾಳಿ ಎಷ್ಟು ಹೊತ್ತಿಗೆ ಮುಗಿದಿತ್ತು ಅಂತ ಮೊದಲು ನೋಡಿ. ರಾತ್ರಿ ಹನ್ನೆರಡಕ್ಕೆ ಗಾಡಿ ಬಿಟ್ಟು ಬೆಳಿಗ್ಗೆ ಐದಕ್ಕೆ ಮತ್ತೆ ಹತ್ತಿದವನು ಆಕಳಿಸದೆ ಇನ್ನೇನು ಮಾಡಬೇಕು? ತಪ್ಪು ಪಾದದಲ್ಲಲ್ಲ, ಶೆಡ್ಯೂಲಿನಲ್ಲಿದೆ.

ಸ್ಕೂಟರಿನವರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 125 ಸಿಸಿಗಿಂತ ದೊಡ್ಡ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ ಆಯಿತು. ಅದು ಇದ್ದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗಿ ಜಾರುವುದಿಲ್ಲ. ಆದರೆ ನಮ್ಮ ಊರಿನಲ್ಲಿ ಹೆಂಗಸರು, ಹುಡುಗರು, ಡೆಲಿವರಿಯವರು ಜಾಸ್ತಿ ಓಡಿಸೋದು 110, 125 ಸಿಸಿ ಸ್ಕೂಟರುಗಳನ್ನೇ. ಅಗೆದ ರಸ್ತೆಯ ಜಲ್ಲಿ ಮೇಲೆ ಮೊದಲು ಬೀಳುವವರೂ ಅವರೇ. ಎಬಿಎಸ್ ನಿಮ್ಮ ಕೈಯಲ್ಲಿಲ್ಲ. ಜಲ್ಲಿ ಗುಡಿಸೋದು ನಿಮ್ಮ ಕೈಯಲ್ಲಿದೆ.

ಡೆಲಿವರಿ ಹುಡುಗರ ಇನ್ನೊಂದು ವಿಷಯ. ಅವರ ಜೇಬಿನ ಮೊಬೈಲು ಅವರು ಎಲ್ಲಿದ್ದಾರೆ, ಎಷ್ಟು ವೇಗದಲ್ಲಿದ್ದಾರೆ ಅಂತ ಕಂಪನಿಗೆ ಹೇಳುತ್ತಲೇ ಇರುತ್ತೆ. ಗಿರಾಕಿಗೆ ‘ಇನ್ನು ನಾಲ್ಕು ನಿಮಿಷ’ ಅಂತ ತೋರಿಸೋಕೆ ಆ ಲೆಕ್ಕ ಬಳಸುತ್ತಾರೆ. ಅದೇ ಲೆಕ್ಕದಲ್ಲಿ ಹುಡುಗ 40ರ ರಸ್ತೆಯಲ್ಲಿ 65 ಹೊಡೆದ ಅಂತಲೂ ಗೊತ್ತಾಗುತ್ತೆ. ಹಾಗೆ ಹೊಡೆಯದೆ ಮುಟ್ಟಲಾಗದ ಸಮಯವನ್ನು ಗಿರಾಕಿಗೆ ಹೇಳಬಾರದು ಅಂತ ಆ ಕಂಪನಿಗಳನ್ನು ಕರೆಸಿ ಹೇಳಿ. ಈ ಹುಡುಗರಂಥ ಗಿಗ್ ಕಾರ್ಮಿಕರಿಗಾಗಿ ನಮ್ಮ ರಾಜ್ಯ 2025ರಲ್ಲಿ ಕಾನೂನು ಮಾಡಿದೆ. ಆ ಕಂಪನಿಗಳನ್ನು ಮಾತಿಗೆ ಕೂರಿಸುವುದು ಈಗ ಕಷ್ಟ ಆಗಬಾರದು. ನನ್ನ ಗೆಳೆಯನನ್ನು ಆಸ್ಪತ್ರೆಗೆ ಸೇರಿಸಿದ ಹುಡುಗನಿಗೆ ಅವತ್ತಿನ ಆರ್ಡರಿನ ದುಡ್ಡು ಕಟ್ ಆಯಿತಂತೆ.

ಮಾಹಿತಿ ಇಲ್ಲ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಐಐಟಿ ಮದ್ರಾಸ್ ಮತ್ತು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ ಸೇರಿ ಮಾಡಿದ, ಅಪಘಾತಗಳ ಲೆಕ್ಕ ಇಡುವ ಐರಾಡ್ ವ್ಯವಸ್ಥೆ 2021ರಲ್ಲಿ ಮೊದಲು ಬಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಪಘಾತ ಆದ ಜಾಗಕ್ಕೆ ಹೋದ ಪೊಲೀಸರು ಮೊಬೈಲಿನಲ್ಲೇ ಜಾಗ, ಫೋಟೊ, ವಿವರ ತುಂಬುತ್ತಾರೆ. ಆ ಲೆಕ್ಕ ನಮಗೂ ಕಾಣಲಿ. ಜನರ ಹೆಸರು ಬೇಡ, ಜಾಗ ಸಾಕು. ಪ್ರತಿ ವಾರ್ಡಿನ ನಕ್ಷೆಯಲ್ಲಿ ಎಲ್ಲಿ ಎಷ್ಟು ಜನ ಬಿದ್ದರು, ಆಮೇಲೆ ಅಲ್ಲಿ ಏನು ಸರಿ ಮಾಡಿದಿರಿ ಅಂತ ಹಾಕಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಅನ್ನುವ ಸೆಕ್ಷನ್ ಸೇರಿದೆ. ರಸ್ತೆಯನ್ನು ನಿಯಮದಂತೆ ಮಾಡದೆ, ನೋಡಿಕೊಳ್ಳದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಹೊಣೆ ಹೊತ್ತ ಪ್ರಾಧಿಕಾರಕ್ಕೆ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿ ತನಕ ದಂಡ ಅಂತ ಅದು ಹೇಳುತ್ತೆ. ನನ್ನ ಮಗನ ಬಿಳಿ ಗೆರೆಗೆ ಬಂದ ಹಾಗೆ ಈ ದಂಡದ ನೋಟಿಸ್ ಯಾರದಾದರೂ ಮೊಬೈಲಿಗೆ ಬಂದಿದೆಯಾ?

ದಂಡದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿರಿ. 2025ರಲ್ಲಿ ಮತ್ತೆ ಕೊಟ್ಟಿರಿ. ಆಷಾಢದ ಸೀರೆ ಸೇಲ್ ಥರ ಜನ ಕ್ಯೂ ನಿಂತರು. ಈಗ ನಮ್ಮ ಬೀದಿಯ ಹುಡುಗರು ‘ತಡಿ ಅಂಕಲ್, ಮುಂದಿನ ಆಫರ್‌ನಲ್ಲಿ ಕಟ್ಟೋಣ’ ಅನ್ನುತ್ತಾರೆ. ಕ್ಯಾಮೆರಾ ಹೆದರಿಕೆ ಹುಟ್ಟಿಸಿತ್ತು, ರಿಯಾಯಿತಿ ಅದನ್ನು ತೆಗೆಯಿತು. ದಯವಿಟ್ಟು ಇದನ್ನು ನಿಲ್ಲಿಸಿ. ಬೇಕಾದರೆ ಬಂದ ದುಡ್ಡಿನಲ್ಲಿ ಒಂದು ಪಾಲು ಆಯಾ ಜಂಕ್ಷನ್‌ನ ಫುಟ್‌ಪಾತ್‌ಗೆ, ದೀಪಕ್ಕೆ ಅಂತ ಮೀಸಲಿಡಿ. ಎಷ್ಟು ಬಂತು, ಯಾವುದಕ್ಕೆ ಹೋಯಿತು ಅಂತ ಅದೇ ಕಂಬದ ಮೇಲೆ ಬರೆಸಿ. ಜನ ಬೈಯದೆ ಕಟ್ಟುತ್ತಾರೆ.

ಇಷ್ಟನ್ನೂ ನಾಳೆಯೇ ಮಾಡಿ ಅಂತ ಕೇಳುವಷ್ಟು ದಡ್ಡ ನಾನಲ್ಲ. ಒಂದು ಕ್ರಾಸಿಂಗ್‌ನಿಂದ ಶುರು ಮಾಡಿ. ನಮ್ಮದರಿಂದಲೇ ಮಾಡಿ. ಸಿಗ್ನಲ್ ಗುಂಡಿ ರಿಪೇರಿ, ಮೇಲೊಂದು ದೀಪ, ದಾಟೋಕೆ ಮೂವತ್ತು ಸೆಕೆಂಡು. ಆಮೇಲೆ ಸೆನ್ಸರ್ರು, ಕಾರ್ಡು ಎಲ್ಲ ನಿಧಾನಕ್ಕೆ ಬರಲಿ.

ಈ ಪತ್ರ ಓದಿದ ನಿಮ್ಮಲ್ಲಿ ಒಬ್ಬರಾದರೂ ಒಂದು ದಿನ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇದ್ದಾಗ ಬನ್ನಿ. ಜೀಪು, ಸೈರನ್ ಬೇಡ, ಚಪ್ಪಲಿ ಹಾಕಿಕೊಂಡು ನಡೆದು ಬನ್ನಿ. ನನ್ನ ಗೆಳೆಯರು ವಾಕರ್ ಹಿಡಿದು ಗೇಟಿನ ತನಕ ಬಂದಿರುತ್ತಾರೆ. ಅವರನ್ನು ನಡುವೆ ಬಿಟ್ಟುಕೊಂಡು ನಾವು ಮೂರೂ ಜನ ಹಾಲಿನ ಬೂತ್ ತನಕ ದಾಟೋಣ. ನಾನು ಗಡಿಯಾರ ಹಿಡಿದಿರುತ್ತೇನೆ. ಹೋಲ್ಡಾನ್ ಅನ್ನೋಕೆ ಅವರಿಗೆ ಈಗಲೂ ಒಳ್ಳೆಯ ಗಂಟಲಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಿಟಿ ಬಸ್ ಚಾಲಕ
ಬೆಂಗಳೂರು